ಅಕ್ಕಾರ ತಲೆಯೊಳಗಿನ ಅಸ್ತರು

ಹೋದ ವಾರ ಧಾರವಾಡದಿಂದ ನನಗೊಂದು ಕೊರಿಯರ್ ಬಂತು. ಒಳಗೆ ಒಂದು ಬ್ಲೌಸು, ಅಷ್ಟೇ. ಚೀಟಿ ಇಲ್ಲ, ಫೇಡೆ ಇಲ್ಲ, ಏನೂ ಇಲ್ಲ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ ಮುರುವಿ, ಒಳಮೈ ಹೊರಗೆ ಮಾಡಿ, ತೋಳೊಳಗೆ ಕೈ ತೂರಿಸಿ ಹುಡುಕತೊಡಗಿದೆ. ನಮ್ಮ ಯಜಮಾನರು ಪೇಪರ್ ಕೆಳಗಿಳಿಸಿ, "ಏನ್ ಹುಡುಕಲಿಕತ್ತೀ?" ಅಂದರು. "ರಕ್ತ," ಅಂದೆ. ಅವರು ಪೇಪರನ್ನು ಮತ್ತೆ ಮುಖದ ಮುಂದೆ ಏರಿಸಿದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅವರು ಕಲಿತ ಜಾಣತನ ಅದೊಂದೇ.

ಹೊಸ ಬ್ಲೌಸಿನಲ್ಲಿ ರಕ್ತ ಯಾಕೆ ಹುಡುಕಿದೆ ಅಂತ ಹೇಳಬೇಕಾದರೆ ಅಕ್ಕಾರ ಸುದ್ದಿಯನ್ನೇ ಹೇಳಬೇಕು.

ಪುಣೆಯ ಹಡಪಸರದಲ್ಲಿ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ಒಂದು ಇಕ್ಕಟ್ಟಿನ ಅಂಗಡಿ ಇದೆ. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಅದಕ್ಕಿಂತ ಮುಂಚೆ ಇಪ್ಪತ್ತೆರಡು ವರ್ಷ ಅಲ್ಲಿ ಅಕ್ಕಾರು ಹೆಂಗಸರ ಬಟ್ಟೆ ಹೊಲಿದರು. ಧಾರವಾಡದವರು. ಗಂಡ ಹೋಗಿ ಬಹಳ ವರ್ಷ, ಮಕ್ಕಳಿಲ್ಲ, ಊರಲ್ಲಿ ಒಬ್ಬ ತಂಗಿ ಇದ್ದಾಳೆ. ಮರಾಠಿ ಹೆಂಗಸರಿಗೆ ಅವರು ಮಾವಶಿ, ಅಂದರೆ ಚಿಕ್ಕಮ್ಮ, ನಮಗೆ ಅಕ್ಕಾರು. ಹೆಸರು ಬರೆಯುವುದಿಲ್ಲ. ಅವರ ಅಂಗಡಿಗೇ ಹೆಸರಿರಲಿಲ್ಲ, ಬೋರ್ಡೂ ಇರಲಿಲ್ಲ. ಯಾಕ್ರಿ ಅಂತ ಕೇಳಿದರೆ, "ಹೆಸರ ಬರದರ ಮಂದಿ ಹುಡುಕ್ಕೊಂಡು ಬರ್ತಾರವಾ. ಈಗ ಬರೂ ಮಂದೀನ ಸಾಕಾಗೇದ," ಅನ್ನುತ್ತಿದ್ದರು.

ನಾನು ವಿಜಯಪುರದವಳು. ಶಿವಾಜಿನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಅಡ್ಮಿಷನ್ ವಿಭಾಗದ ಗುಮಾಸ್ತೆ. ದಿನವಿಡೀ ಕಿಟಕಿಯ ಹಿಂದೆ ಕೂತು ದೊಡ್ಡ ದೊಡ್ಡವರಿಗೆ "ಫಾರ್ಮಿನ ಮೇಲೆ ಸಹಿ ಇಲ್ಲ, ನಾಳೆ ಬನ್ನಿ" ಅಂತ ಹೇಳುವ ಬಾಯಿ ನನ್ನದು. ಅಕ್ಕಾರ ಮುಂದೆ ನಿಂತರೆ ಅದೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅವರು ಟೇಪು ಹಿಡಿದು ಅಳತೆ ತೆಗೆದುಕೊಂಡದ್ದು ನಾನು ನೋಡಿಲ್ಲ. ಬಾಗಿಲಲ್ಲಿ ನಿಂತವಳನ್ನು ಚಷ್ಮಾದ ಮೇಲಿಂದ ಒಂದು ಸಲ ನೋಡುವುದು, "ಅರ್ಧಾ ಇಂಚು ಏರೀಯಲ್ಲ? ದೀಪಾವಳಿ ಜೋರಾತೇನು?" ಅನ್ನುವುದು. ಓಣಿಯ ಮಂದಿಯೆಲ್ಲ ಕೇಳುವ ಹಾಗೆ. ಬ್ಲೌಸಿಗೆ ಅವರು ಝಂಪರ್ ಅನ್ನುತ್ತಿದ್ದರು. ಪ್ರತಿ ಝಂಪರಿನ ಬಗಲಿನ ಹೊಲಿಗೆಯೊಳಗೆ ಎರಡು ಇಂಚು ಬಟ್ಟೆ ಮಡಿಚಿ ಬಿಡುತ್ತಿದ್ದರು, ಅದಕ್ಕೆ ಮಾರ್ಜಿನ್ ಅಂತ ಹೆಸರು. "ಅಕ್ಕಾರ, ಎರಡಿಂಚು ಯಾಕ್ರಿ? ಎಲ್ಲಾರೂ ಒಂದು ಬಿಡ್ತಾರ," ಅಂತ ನಾನು ಒಮ್ಮೆ ಕೇಳಿಯೂ ಕೇಳಿದೆ. "ಎಲ್ಲಾರೂ ನಿನ್ನ ನೋಡಿಲ್ಲಲ್ಲ," ಅಂದರು.

ಸೀರೆಯ ಸೆರಗಿಗೆ, ಎಡ ಹೆಗಲ ಮೇಲೆ, ಯಾವಾಗಲೂ ಒಂದು ದಾರ ಪೋಣಿಸಿದ ಸೂಜಿ. ಬಸ್ಸಿನಲ್ಲಿ ಅವರ ಎಡಕ್ಕೆ ಕೂತವರು ಪಾಪ ಒಂದೇ ಸಲ ಕೂರುತ್ತಿದ್ದರು. ಮಧ್ಯಾಹ್ನ ಗಿರಾಕಿ ಕಡಿಮೆ ಇದ್ದಾಗ ಆ ಸೂಜಿಯಿಂದ ಕಸೂತಿ ಹಾಕುತ್ತಿದ್ದರು. ಕಸೂತಿ ಗೊತ್ತಲ್ಲ, ಬಟ್ಟೆಯ ಮೇಲೆ ಗೆರೆ ಎಳೆಯುವ ಹಾಗಿಲ್ಲ, ಬಟ್ಟೆಯ ಎಳೆಗಳನ್ನೇ ಎಣಿಸಿ ಸೂಜಿ ಇಳಿಸಬೇಕು, ಎಲ್ಲೂ ಗಂಟು ಬೀಳಬಾರದು. ಗೋಪುರ, ತುಳಸಿಕಟ್ಟೆ, ದೀಪ, ಆನೆ. ಆರ್ಡರಿಗೆ ಮಾತ್ರ ಹಾಕಿಕೊಡುತ್ತಿರಲಿಲ್ಲ. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಬೈಗುಳ ಮರಾಠಿಯಲ್ಲಿ ಬರುತ್ತಿತ್ತು, ಬೈದು ಮುಗಿಸಿ ಚಹಾ ಕನ್ನಡದಲ್ಲಿ ಕೇಳುತ್ತಿದ್ದರು.

ಇಂಥ ಅಕ್ಕಾರು ಒಂದು ಸೋಮವಾರ ತಮ್ಮದೇ ಅಂಗಡಿಯ ಅರ್ಧ ಇಳಿಸಿದ ಶಟರಿಗೆ ಹಣೆ ಗುದ್ದಿಕೊಂಡರು. ಹಣೆ ಲಿಂಬೆಹಣ್ಣಿನಷ್ಟು ಊದಿತು. ನಾನು ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ತಲೆಯ ಸ್ಕ್ಯಾನ್ ಮಾಡಿದರು. ಶಟರಿನ ಪೆಟ್ಟು ಏನೂ ಅಲ್ಲವಂತೆ, ಎರಡು ದಿನಕ್ಕೆ ಇಳಿಯುತ್ತದಂತೆ. ಆದರೆ ಎಡಗಣ್ಣಿನ ಹಿಂದೆ, ಒಳಗೆ, ಬೇರೆ ಏನೋ ಕಾಣಿಸಿತು. ಅದಕ್ಕೆ ಇನ್ನೊಬ್ಬ ಡಾಕ್ಟರರ ಹತ್ತಿರ ಕಳಿಸಿದರು.

ಆ ಡಾಕ್ಟರು ಇನ್ನೂ ಹುಡುಗನ ಹಾಗಿದ್ದ, ಪುಣೆಯವನೇ, ನಗುಮುಖ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ನಾನು ನಮ್ಮ ಭಾಷೆಗೆ ತಂದು ಹೇಳುತ್ತಿದ್ದೇನೆ. ಕಾಗದದ ಮೇಲೆ ಒಂದು ಕೊಳವೆ ಬರೆದ, ಕೊಳವೆಯ ಪಕ್ಕಕ್ಕೆ ಒಂದು ಗುಳ್ಳೆ ಬರೆದ.

"ಮಾವಶಿ, ಮೆದುಳಿಗೆ ಹೋಗೋ ರಕ್ತನಾಳದ ಗೋಡೆ ಇಲ್ಲಿ ತೆಳ್ಳಗಾಗಿ ಉಬ್ಬಿದೆ. ಅನ್ಯೂರಿಸಂ ಅಂತೀವಿ. ಫುಗಾ ಅಂತ ತಿಳ್ಕೊಳ್ಳಿ, ಬಲೂನು."

"ಸ್ವೆಟರಿನ ಮೊಳಕೈ ಸವದು ಜೋತು ಬೀಳ್ತದಲ್ಲ, ಹಂಗ," ಅಂದರು ಅಕ್ಕಾರು.

ಡಾಕ್ಟರು ತಾನು ಬರೆದ ಚಿತ್ರವನ್ನೊಮ್ಮೆ ನೋಡಿಕೊಂಡ. "ಹಾಗೇ."

"ಹರೀತದೇನು?"

"ಹರಿಯದೇ ಇರಬಹುದು. ಕೆಲವರಿಗೆ ಸಾಯೋವರೆಗೂ ಏನೂ ಆಗಲ್ಲ. ಆದರೆ ನಿಮ್ಮದು ಸ್ವಲ್ಪ ದೊಡ್ಡದಿದೆ. ಒಡೆದರೆ ತಲೆಯೊಳಗೆ ರಕ್ತ, ಆಮೇಲೆ ನಮ್ಮ ಕೈಯಲ್ಲಿ ಏನು ಉಳಿಯುತ್ತೆ ಹೇಳೋಕಾಗಲ್ಲ. ಬಿಡೋದು ಬೇಡ ಅನ್ನೋದು ನನ್ನ ಸಲಹೆ."

ಅಕ್ಕಾರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಯಾರದೋ ಮದುವೆಯ ಆರ್ಡರ್ ಬಂದ ಹಾಗೆ.

ಮೂರು ದಾರಿ ಇವೆ ಅಂದ ಡಾಕ್ಟರು. ಒಂದು, ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಹೊರಗಿನಿಂದ ಕ್ಲಿಪ್ ಹಾಕುವುದು. "ಟಿಚ್ ಬಟನ್," ಅಂದರು ಅಕ್ಕಾರು. ಎರಡು, ತೆರೆಯದೆ, ನಾಳದ ಒಳಗಿನಿಂದಲೇ ಹೋಗಿ ಉಬ್ಬಿನೊಳಗೆ ಕೂದಲಿನಂಥ ಪ್ಲಾಟಿನಂ ತಂತಿ ಸುತ್ತಿ ಸುತ್ತಿ ತುಂಬುವುದು. "ತಲಿದಿಂಬಿಗೆ ಹತ್ತಿ ತುಂಬಿದಂಗ." ಆದರೆ ಅಕ್ಕಾರ ಉಬ್ಬಿನ ಬಾಯಿ ಅಗಲ, ಬರೀ ತಂತಿ ತುಂಬಿದರೆ ಜಾರಿ ಹೊರಗೆ ಬಂದೀತು. ಅದಕ್ಕೆ ಮೂರನೆಯದು. ತೊಡೆಯ ಸಂದಿನ ನಾಳದಿಂದ ಸಣ್ಣ ನಳಿಕೆ ತೂರಿಸಿ, ತಲೆಯವರೆಗೆ ಒಯ್ದು, ಉಬ್ಬಿದ ಜಾಗದಲ್ಲಿ ನಾಳದ ಒಳಗೆ ಒಂದು ಜಾಳಿಗೆಯ ತೋಳು ಬಿಚ್ಚಿ ಕೂಡಿಸುವುದು. ಫ್ಲೋ ಡೈವರ್ಟರ್. ರಕ್ತ ಅದರೊಳಗಿಂದ ನೆಟ್ಟಗೆ ಹರಿದುಹೋಗುತ್ತದೆ, ಉಬ್ಬಿನೊಳಗೆ ನುಗ್ಗುವುದು ಕಡಿಮೆಯಾಗಿ, ತಿಂಗಳುಗಳಲ್ಲಿ ಉಬ್ಬು ತಾನೇ ಮುಚ್ಚಿಕೊಳ್ಳುತ್ತದೆ.

ಅಕ್ಕಾರು ಕಣ್ಣು ಮುಚ್ಚಿ ಅದನ್ನು ತಲೆಯೊಳಗೆ ಒಮ್ಮೆ ಹೊಲಿದು ನೋಡಿದರು.

"ಅಸ್ತರ್ ಹಚ್ಚತೀರಿ ಅನ್ನು. ಸವದ ಅರಿವಿಗೆ ಒಳಗಿಂದ ಅಸ್ತರ್."

"ಅದೇ, ಅದೇ!" ಡಾಕ್ಟರು ಮೇಜು ಬಡಿದ. "ಅಸ್ತರ್!"

"ಆದ್ರ ತಲಿ ಹರದರ ತೊಡಿಯಿಂದ ಯಾಕ ಹೋಗ್ತೀ?" ಅಂತ ಕೇಳಿದವರು ತಾವೇ ಉತ್ತರವನ್ನೂ ಹೇಳಿದರು, "ಹಾಂ, ಲಂಗಕ್ಕ ಲಾಡಿ ಪೋಣಿಸಿದಂಗ. ಒಂದ ಕಡೆ ಪಿನ್ನು ತೂರಿಸಿ ದೂಡಕೋತ ಹೋಗೂದು. ತಿಳೀತು. ಮುಂಗೈಯಿಂದ ಬ್ಯಾಡ ಮತ್ತ. ಕೈ ನಂದು ಹೊಟ್ಟಿ."

ಆಮೇಲೆ ಅವರು ಕೇಳಿದ್ದು ಆ ಡಾಕ್ಟರನ್ನು ಯಾವ ಪೇಷಂಟೂ ಕೇಳಿರಲಿಕ್ಕಿಲ್ಲ. "ಅರಿವಿ ತೋರ್ಸ್ರಿ." ಅಂದರೆ ಒಳಗೆ ಹಾಕುವ ಆ ಜಾಳಿಗೆ ತೋರಿಸಿ ಅಂತ. ಡ್ರಾವರಿನಲ್ಲಿ ತೋರಿಸಲಿಕ್ಕೆಂದೇ ದೊಡ್ಡದಾಗಿ ಮಾಡಿದ ಒಂದು ಮಾದರಿ ಇತ್ತು. ಅಕ್ಕಾರು ಅದನ್ನು ಬೆರಳಿಗೆ ಸಿಕ್ಕಿಸಿ, ಎಳೆದು, ಬಿಟ್ಟು, ಹಿಸುಕಿ, ಹೆಗಲ ಮೇಲಿನ ಸೂಜಿ ಕಿತ್ತು ಅದರ ತುದಿಯಿಂದ ಎಳೆ ಎಣಿಸಲಿಕ್ಕೆ ಕೂತರು. ಹೊರಗೆ ಪೇಷಂಟುಗಳು ಸಾಲುಗಟ್ಟಿದ್ದಾರೆ. ಸಿಸ್ಟರು ಎರಡು ಸಲ ಬಾಗಿಲು ತೆರೆದು ನೋಡಿದಳು. ಡಾಕ್ಟರು ಏನೋ ಹೇಳಲು ಬಾಯಿ ತೆರೆದ, ನಾನು ಬೇಡ ಬೇಡ ಅಂತ ಕೈಸನ್ನೆ ಮಾಡಿದೆ.

"ನಲವತ್ತೆಂಟು ಎಳಿ."

"ಬರೋಬ್ಬರ್!" ಅವನು ಎದ್ದೇ ನಿಂತ.

"ಯಾರು ಹೆಣದಾರಿದನ್ನ?"

"ಮಷೀನು, ಮಾವಶಿ."

"ಮಷೀನಿಗೆ ಚಲೋ ಕಲಿಸ್ಯಾರ. ಎಲ್ಲೂ ಗಂಟಿಲ್ಲ. ಹಚ್ರಿ, ಅಡ್ಡಿಯಿಲ್ಲ."

ಒಪ್ಪಿಗೆ ಆಯಿತು. ಆಪರೇಷನ್ನಿಗೆ ಹತ್ತು ದಿನ ಮುಂದಿನ ತಾರೀಖು ಕೊಟ್ಟರು. ಅಷ್ಟರೊಳಗೆ ದಿನಾ ಎರಡು ಗುಳಿಗೆ, ಒಂದು ಗುಲಾಬಿ, ಒಂದು ಬಿಳಿ, ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವಂಥವು. ಡಾಕ್ಟರು ನಗು ಬಿಟ್ಟು ಹೇಳಿದ್ದು ಇದೊಂದನ್ನೇ. "ಇವನ್ನು ಬಿಡಬಾರದು. ಬಿಟ್ಟರೆ ಜಾಳಿಗೆಯ ಮೇಲೆ ರಕ್ತ ಹೆಪ್ಪುಗಟ್ಟುತ್ತೆ, ಮೆದುಳಿಗೆ ರಕ್ತ ನಿಲ್ಲುತ್ತೆ. ಲಕ್ವಾ ಹೊಡೆಯಬಹುದು, ಜೀವ ಹೋಗಬಹುದು." ನನ್ನನ್ನು ನೋಡಿ, "ನೀವು ನೋಡ್ಕೊಳ್ಳಿ," ಅಂದ.

ನನಗೆ ಹೇಳಬೇಕೇ! ಗುಮಾಸ್ತೆ ನಾನು. ಗುಳಿಗೆಯ ಹಾಳೆಯ ಹಿಂದೆ, ಫಾಯಿಲಿನ ಮೇಲೆ, ಒಂದೊಂದು ಗುಳಿಗೆಗೂ ಪೆನ್ನಿನಿಂದ ತಾರೀಖು ಬರೆದೆ. ಸಂಜೆ ಆಫೀಸಿನಿಂದ ಬಂದವಳು ಅಂಗಡಿಗೆ ಹೋಗಿ ಹಾಳೆ ತಿರುಗಿಸಿ ನೋಡುವುದು, ಆ ದಿನದ ತಾರೀಖು ಹರಿದಿದೆಯೋ ಇಲ್ಲವೋ. ದಿನಾ ಹರಿದಿರುತ್ತಿತ್ತು. ನಾನು ಒಳಗೊಳಗೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಇದರ ನಡುವೆ ನನ್ನ ಮಗಳ ಮದುವೆ ಬೇರೆ. ಹುಡುಗ ಮರಾಠಿಯವನು, ರಾಂಜಣಗಾಂವದ ಕಾರ್ಖಾನೆಯಲ್ಲಿ ಎಂಜಿನಿಯರು. ಮದುವೆಗೆ ತಿಂಗಳ ಮೇಲೆ ಎರಡು ದಿನ ಉಳಿದಿತ್ತು. ಮುಹೂರ್ತದ ಬ್ಲೌಸು ಅಕ್ಕಾರೇ ಹೊಲಿಯಬೇಕು, ಅದಂತೂ ಮಗಳು ಚಿಕ್ಕವಳಿದ್ದಾಗಲೇ ನಿಶ್ಚಯವಾದ ಮಾತು. ಆದರೆ ಮಗಳು ಆರಿಸಿದ್ದು ಮೊಸರಿನ ಬಣ್ಣದ ರೇಷ್ಮೆ. "ಮದಿವಿಗೆ ಬಿಳೀದು?" ಅಂತ ಅಕ್ಕಾರು ಬಟ್ಟೆಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದರು. "ಬಿಳೀದಲ್ಲ ಮಾವಶಿ, ಕ್ರೀಮ್," ಅಂದಳು ಮಗಳು. "ಕ್ರೀಮ್ ಮಾರಿಗೆ ಹಚ್ಕೋ," ಅಂದರೂ ಹೊಲಿಯಲು ಕೂತರು.

ಗುಳಿಗೆ ಶುರುವಾಗಿ ಮೂರನೆಯ ದಿನವೋ ನಾಲ್ಕನೆಯ ದಿನವೋ, ನಾನು ಅರ್ಧ ಹೊಲಿದ ಆ ಬ್ಲೌಸನ್ನು ಎತ್ತಿ ನೋಡಿದೆ. ತೋಳಿನ ಹತ್ತಿರ ಸಾಸಿವೆಯಷ್ಟು ಒಂದು ಕಂದು ಚುಕ್ಕೆ. "ಅಕ್ಕಾರ, ಇದೇನ್ರಿ ಇದು, ಕಲೆ? ಮದಿವಿ ಝಂಪರ್ ಅದ, ಬೀಗರ ಮುಂದ ನನ್ನ ಮಾನ ಹೋಗ್ತದ!" ಅಂತ ಕೂಗಿದೆ. ಅಂದೆ ನಾನು, ಇದೇ ಬಾಯಿಯಿಂದ. ಅಕ್ಕಾರು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಚುಕ್ಕೆಯ ಮೇಲೆ ಉಜ್ಜಿದರು. ತನ್ನ ರಕ್ತದ ಕಲೆ ತನ್ನ ಉಗುಳಿಗೇ ಹೋಗುತ್ತದೆ ಅನ್ನುವುದು ಹೊಲಿಯುವವರ ಉಪಾಯ. ಅಷ್ಟು ವರ್ಷದಲ್ಲಿ ನನ್ನ ಒಂದು ಮಾತಿಗೂ ತಿರುಗಿ ಹೇಳದೆ ಬಿಟ್ಟವರಲ್ಲ, ಅವತ್ತು ಬಿಟ್ಟರು. ನನಗೆ ಅದು ಹೊಳೆಯಲೇ ಇಲ್ಲ.

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಗೆ ಸೇರಿಸಿದೆವು. ಗುಳಿಗೆ ಎಷ್ಟು ಹತ್ತಿದೆ ಅಂತ ನೋಡಲು ರಕ್ತ ತೆಗೆದುಕೊಂಡರು. ಎರಡು ಗಂಟೆ ಬಿಟ್ಟು ಡಾಕ್ಟರು ಕಾಗದ ಹಿಡಿದು ಬಂದ, ಮುಖದಲ್ಲಿ ನಗುವಿಲ್ಲ. ಗುಳಿಗೆ ಏನೇನೂ ಕೆಲಸ ಮಾಡಿಲ್ಲವಂತೆ. "ಕೆಲವರ ಮೈಗೆ ಇದು ಹತ್ತೋದೇ ಇಲ್ಲ. ಇದಕ್ಕಿಂತ ಜೋರಾದದ್ದು ಕೊಡ್ತೀನಿ, ಸಂಜೆ ಮತ್ತೆ ನೋಡೋಣ," ಅಂದ. ಅಕ್ಕಾರು ಫ್ಯಾನಿನ ರೆಕ್ಕೆ ಎಣಿಸುತ್ತಿದ್ದರು. ಮೂರೇ ಇದ್ದವು, ಆದರೂ ಬಹಳ ಹೊತ್ತು ಎಣಿಸಿದರು.

ಮರೆತು ಬಂದ ಚಷ್ಮಾ ತರಲು ನನ್ನನ್ನು ಅಂಗಡಿಗೆ ಕಳಿಸಿದರು. "ಮಷೀನಿನ ಖಾನೆದಾಗ ಅದ. ಬ್ಯಾರೆ ಏನೂ ಮುಟ್ಟಬ್ಯಾಡ." ಮುಟ್ಟಬೇಡ ಅಂದರೆ ಮುಟ್ಟದೆ ಇರುವ ಹೆಂಗಸು ನಾನಲ್ಲ. ಖಾನೆಯಲ್ಲಿ ಚಷ್ಮಾ ಸಿಕ್ಕಿತು, ಪಕ್ಕದಲ್ಲಿ ಗುಂಡಿಯ ಡಬ್ಬಿ ಇತ್ತು, ತೆರೆದೆ. ಕೆಂಪು ಗುಂಡಿ, ಹಸಿರು ಗುಂಡಿ, ಗುಲಾಬಿ ಗುಂಡಿ. ಗುಲಾಬಿ ಗುಂಡಿಗೆ ತೂತೇ ಇಲ್ಲ! ತೂತಿಲ್ಲದ ಗುಂಡಿ ಎಲ್ಲಾದರೂ ಇರುತ್ತದೆಯೇ? ಕೈಯಲ್ಲಿ ಹಿಡಿದು ನೋಡಿದೆ. ಆರು ಗುಲಾಬಿ, ಆರು ಬಿಳಿ. ನಾನು ಹಾಳೆ ಎಣಿಸುತ್ತಿದ್ದೆ, ಬಾಯಿ ನೋಡಿರಲಿಲ್ಲ.

ರಿಕ್ಷಾ ಹಿಡಿದು ಆಸ್ಪತ್ರೆಗೆ ವಾಪಸು ಬಂದು, ಹನ್ನೆರಡೂ ಗುಳಿಗೆಗಳನ್ನು ಮಂಚದ ಮೇಲೆ ಸುರಿದೆ.

"ಇದೇನ್ರಿ ಅಕ್ಕಾರ? ಸಾಯಬೇಕಂತ ಮಾಡೀರೇನು?"

"ಬ್ಯಾರೆ ಏನೂ ಮುಟ್ಟಬ್ಯಾಡ ಅಂದಿದ್ದೆ."

"ಯಾಕ್ರಿ? ಯಾಕ ತಗೊಳ್ಳಿಲ್ಲ?"

ಅವರು ಎಡಗೈಯ ತೋರುಬೆರಳು ನನ್ನ ಮುಂದೆ ಹಿಡಿದರು. ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳು. "ಈ ಗುಳಿಗಿ ತಗೊಂಡ ದಿನದಿಂದ ಸೂಜಿ ಚುಚ್ಚಿದರ ರಕ್ತ ನಿಲ್ಲೂದಿಲ್ಲವಾ. ಎಂದೂ ಹಿಂಗ ಆಗಿದ್ದಿಲ್ಲ. ಅರಿವಿ ಬಿಳೀದು. ಉಗುಳಿಗೂ ಹೋಗವಲ್ದು ಕಲೆ." ಆಮೇಲೆ ಮೆಲ್ಲಗೆ, "ಮಾನ ಹೋಗ್ತದ ಅಂದಾಕಿ ನೀನ ಅಲ್ಲೇನು?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆ ಅಂದರೆ ಅಂಥಿಂಥ ನಾಚಿಕೆ ಅಲ್ಲ. ಸಾಸಿವೆಯಷ್ಟು ಕಲೆಗೆ ನಾನು ಕೂಗಾಡಿದ್ದಕ್ಕೆ ಈ ಹೆಂಗಸು ತನ್ನ ಜೀವವನ್ನು ಗುಂಡಿಯ ಡಬ್ಬಿಯಲ್ಲಿ ಹಾಕಿಟ್ಟಿದ್ದರು.

ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವನ ಮುಖ ಸುಣ್ಣದ ಹಾಗಾಯಿತು. ನಾಳೆಯದು ಬೇಡ, ಇವತ್ತಿನಿಂದ ಮತ್ತೆ ಹತ್ತು ದಿನ ಅದೇ ಗುಳಿಗೆ, ಆಮೇಲೆ ನೋಡೋಣ ಅಂದ. ಬೈಯಲಿಲ್ಲ. "ಮಾವಶಿ, ಬೆರಳಿಗೆ ಲೋಹದ ಟೋಪಿ ಸಿಗುತ್ತಲ್ಲ, ಹೊಲಿಯೋವಾಗ ಅದನ್ನ ಹಾಕ್ಕೊಳ್ಳಿ," ಅಂದದ್ದಕ್ಕೆ ಅಕ್ಕಾರೇ ಅವನಿಗೆ ಬೈದರು. ನಲವತ್ತು ವರ್ಷ ಬರಿಗೈಯಲ್ಲಿ ಹೊಲಿದವರಿಗೆ ಟೋಪಿಯೇ? ನಾನು ಆದರೂ ಒಂದು ತಂದುಕೊಟ್ಟೆ. ಮಷೀನಿನ ಎಣ್ಣೆ ಡಬ್ಬಿಯ ಮುಚ್ಚಳ ಕಳೆದಿತ್ತು, ಅದಕ್ಕೆ ಸರಿಯಾಗಿ ಕೂತಿತು.

ಮನೆಗೆ ಬರುವಾಗ ರಿಕ್ಷಾದಲ್ಲಿ ನಾನು ಅಳುತ್ತಿದ್ದೆ. "ಅಳಬ್ಯಾಡ, ಝಂಪರ್ ಒದ್ದಿ ಆದರ ಬಣ್ಣ ಬಿಡ್ತದ," ಅಂದರು ಅಕ್ಕಾರು.

"ಕಲೆ ಆಗಲಿ ಬಿಡ್ರಿ! ಪೂರಾ ಕೆಂಪ ಆಗಲಿ. ಅದನ್ನ ಹಾಕ್ಕೊಂಡ ಕುಂದ್ರತಾಳ ನನ್ನ ಮಗಳು ಮಂಟಪದಾಗ. ಗುಳಿಗಿ ತಗೋರಿ."

"ಕಲೆ ಬಿದ್ದ ಝಂಪರ್ ನನ್ನ ಅಂಗಡಿ ಬಿಟ್ಟು ಹೊರಗ ಹೋಗೂದಿಲ್ಲ."

"ಹಂಗಾರ ನೀವ ಹೋಗ್ತೀರಿ!" ಅಂತ ಕಿರುಚಿದೆ. ರಿಕ್ಷಾದವನು ಗಾಡಿ ನಿಲ್ಲಿಸಿ ತಿರುಗಿ ನೋಡಿದ. ಅಕ್ಕಾರು ಅವನಿಗೆ ಮರಾಠಿಯಲ್ಲಿ, "ನಡೀಪಾ, ಇಕಿ ಆವಾಜ ಮಾತ್ರ ದೊಡ್ಡದು," ಅಂತ ಅರ್ಥ ಬರುವ ಏನೋ ಹೇಳಿದರು. ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟು ಹಡಪಸರ ಬರುವವರೆಗೆ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆಯ ಬೆಲ್ ಆಯಿತು. ಬಾಗಿಲಲ್ಲಿ ಅಕ್ಕಾರು, ಒಂದು ಕೈಯಲ್ಲಿ ಗುಳಿಗೆ, ಒಂದು ಕೈಯಲ್ಲಿ ನೀರಿನ ತಂಬಿಗೆ. ನನ್ನ ಮುಂದೆಯೇ ನುಂಗಿ, ಆ ಅಂತ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದರು. ಹತ್ತು ದಿನವೂ ಹೀಗೇ. ನಮ್ಮ ಯಜಮಾನರಿಗೆ ಪಾಪ ಬೆಳಗಿನ ಚಹಾದ ಜೊತೆ ಅಕ್ಕಾರ ನಾಲಿಗೆ ನೋಡುವುದು ರೂಢಿಯಾಯಿತು. ಬ್ಲೌಸು ಹೊಲಿಯುತ್ತಿದ್ದರು ಅನ್ನುವುದು ಗೊತ್ತು, ಆದರೆ ನನಗೆ ಅಂಗಡಿಯೊಳಗೆ ಕಾಲಿಡಲು ಬಿಡಲಿಲ್ಲ. ಆ ಹತ್ತು ದಿನ ನಾನು ಕೆಳಗಿನಿಂದ ಮಷೀನಿನ ಸದ್ದು ಬರುತ್ತಿದೆಯೇ ಅಂತ ಕಿವಿಗೊಟ್ಟು ಬದುಕಿದೆ. ಸದ್ದು ನಿಂತರೆ ತಲೆಯೊಳಗಿನ ಗುಳ್ಳೆ ಒಡೆಯಿತೇನೋ ಅಂತ ಓಡಿ ಮೆಟ್ಟಿಲಿಳಿಯುವುದು. ಅವರು ಆರಾಮಾಗಿ ದಾರ ಬದಲಿಸುತ್ತಿರುತ್ತಿದ್ದರು. "ಇನ್ನೂ ಇದ್ದೀನಿ, ಹೋಗು," ಅನ್ನುತ್ತಿದ್ದರು.

ಹನ್ನೊಂದನೆಯ ದಿನ ಮತ್ತೆ ಆಸ್ಪತ್ರೆ, ಮತ್ತೆ ರಕ್ತ ತೆಗೆಯುವ ಹೊತ್ತು. ಡಾಕ್ಟರು ಬಾಗಿಲಲ್ಲೇ ಕೇಳಿದ, "ಮಾವಶಿ, ಈ ಸಲ ಖಂಡಿತ ತಗೊಂಡ್ರಾ?"

ಅಕ್ಕಾರು ಚೀಲದಿಂದ ಮಗಳ ಬ್ಲೌಸು ತೆಗೆದು ಅವನ ಮೇಜಿನ ಮೇಲೆ ಹರವಿದರು.

ನಾನೂ ಅದನ್ನು ಆಗಲೇ ಮೊದಲು ನೋಡಿದ್ದು. ಮೊಸರಿನ ಬಣ್ಣದ ರೇಷ್ಮೆಯ ಮೇಲೆ ಅಲ್ಲೊಂದು ಇಲ್ಲೊಂದು, ಕೆಂಪು ದಾರದಲ್ಲಿ, ಕಡಲೆಕಾಳಿನಷ್ಟು ದೊಡ್ಡ ಕಸೂತಿಯ ದೀಪಗಳು. ಎಡತೋಳಿನ ಅಂಚಿನಲ್ಲಿ ಎರಡು ಒತ್ತೊತ್ತಾಗಿ, ಬೆನ್ನಿನ ಮೇಲೆ ಒಂದೇ, ಕತ್ತಿನ ಹತ್ತಿರ ಮೂರು. ಸಾಲಿಲ್ಲ, ಜೋಡಿಯಿಲ್ಲ, ಲೆಕ್ಕವಿಲ್ಲ.

"ಎಣಿಸ್ರಿ," ಅಂದರು.

ಡಾಕ್ಟರು ಬೆರಳಿಟ್ಟು ಎಣಿಸಿದ. "ಹನ್ನೊಂದು."

"ಮೊದಲಿಂದು ಈಕಿ ನೋಡಿ ಬೈದದ್ದು. ಮುಂದ ಹತ್ತು ದಿನದಾಗ ಹತ್ತು ಸರ್ತಿ ಸೂಜಿ ಚುಚ್ಚೇದ, ಹತ್ತೂ ಸರ್ತಿ ರಕ್ತ ಬಂದದ. ಒಂದೊಂದು ಕಲೆ ಮ್ಯಾಲ ಒಂದೊಂದು ದೀಪ. ಗುಳಿಗಿ ತಗೊಳ್ಳಿಲ್ಲಂದ್ರ ಇಷ್ಟು ದೀಪ ಎಲ್ಲಿಂದ ಬರ್ತಾವ?"

ರಕ್ತದ ರಿಪೋರ್ಟೂ ಬಂತು, ಗುಳಿಗೆ ಸರಿಯಾಗಿ ಹತ್ತಿತ್ತು. ಆದರೆ ಅದು ಬರುವ ಮುಂಚೆಯೇ ಅವನು ನಾಳೆಯ ಪಟ್ಟಿಯಲ್ಲಿ ಅಕ್ಕಾರ ಹೆಸರು ಬರೆದಿದ್ದ, ನಾನು ನೋಡಿದ್ದೇನೆ.

ಆಪರೇಷನ್ನಿನ ದಿನ ಆಸ್ಪತ್ರೆಯ ಹಸಿರು ಅಂಗಿ ಹಾಕಿಸಿದರೆ, ಅದರ ಲಾಡಿ ತಪ್ಪು ಜಾಗದಲ್ಲಿ ಹಚ್ಚಿದ್ದಾರೆ ಅಂತ ಅಕ್ಕಾರ ತಕರಾರು. ಸ್ಟ್ರೆಚರಿನ ಮೇಲೆ ಮಲಗಿ ಒಳಗೆ ಹೋಗುವವರೆಗೂ ಸಿಸ್ಟರಿಗೆ ಲಾಡಿ ಎಲ್ಲಿ ಇರಬೇಕು ಅಂತ ತೋರಿಸಿದರು. ಬಾಗಿಲಲ್ಲಿ ಹೆಗಲಿಗೆ ಕೈ ಹಾಕಿ ಹುಡುಕಿ, "ಸೂಜಿ ನಿನ್ನ ಹತ್ರ ಅದ ಹೌದಲ್ಲೋ?" ಅಂದರು. ನನ್ನ ಸೆರಗಿನಲ್ಲಿತ್ತು. ಮೂರು ತಾಸು ನಾನು ಹೊರಗಿನ ಕುರ್ಚಿಯಲ್ಲಿ ಕೂತೆ. ನೆನಪಿದ್ದ ದೇವರಿಗೆಲ್ಲ ಕೈ ಮುಗಿದೆ. ಈ ಹೆಂಗಸನ್ನು ಉಳಿಸಿಕೊಡು, ಇನ್ನು ಮೇಲೆ ಯಾವ ಬಟ್ಟೆಯಲ್ಲೂ ಕಲೆ ಹುಡುಕುವುದಿಲ್ಲ ಅಂತ ಹೇಳಿಕೊಂಡೆ.

ಡಾಕ್ಟರು ಟೋಪಿ ಕೀಳುತ್ತ ಹೊರಗೆ ಬಂದ. "ಅಸ್ತರ್ ಕೂತಿತು," ಅಂದ. ಅಷ್ಟೇ ಅಂದ. 'ಫ್ಲೋ ಡೈವರ್ಟರ್' ಅನ್ನುವುದು ಅವನಿಗೂ ಮರೆತುಹೋಗಿತ್ತು. ನಾನು ಅವನ ಎರಡೂ ಕೈ ಹಿಡಿದುಕೊಂಡೆ.

ಎರಡನೆಯ ದಿನ ನಾನು ಊಟದ ಡಬ್ಬಿ ತಗೊಂಡು ಹೋದರೆ ವಾರ್ಡಿನಲ್ಲಿ ಗಲಾಟೆ. ನರ್ಸುಗಳು ಸಾಲಾಗಿ ನಿಂತಿದ್ದಾರೆ, ಅಕ್ಕಾರು ಮಂಚದ ಮೇಲೆ ಕೂತು ಒಬ್ಬಳ ಯೂನಿಫಾರ್ಮಿನ ತೋಳು ಬಿಚ್ಚಿ ಸರಿಮಾಡುತ್ತಿದ್ದಾರೆ. ಅಷ್ಟರಲ್ಲಿ ಡಾಕ್ಟರು ಬಂದ. ಸೂಜಿ ಕಸಿದುಕೊಂಡ. "ಮಾವಶಿ, ರಕ್ತ ಇನ್ನೂ ನೀರಿನ ಹಾಗಿದೆ ನಿಮ್ಮದು!" "ಗೊತ್ತದ. ಅದಕ್ಕ ಕೆಂಪ ದಾರ ತರಾಕ ಹೇಳೀನಿ," ಅಂದರು ಅಕ್ಕಾರು.

ಮದುವೆಗೆ ಹತ್ತು ದಿನ ಇರುವಾಗ ಮನೆಗೆ ಬಂದರು. ಮದುವೆಯಲ್ಲಿ ಅವರ ಹಾವಳಿ ಏನು ಹೇಳಲಿ! ಕಂಡ ಕಂಡವರಿಗೆ, "ನಂದು ತಲಿ ಆಪರೇಷನ್ ಆಗೇದ. ಹುಡುಕ್ರಿ ನೋಡೂಣು, ಎಲ್ಲದ ಹೊಲಿಗಿ?" ಅಂತ ತಲೆ ಬಗ್ಗಿಸಿ ನಿಲ್ಲುವುದು. ಬೀಗರ ಕಡೆಯ ಮುದುಕಿಯರು ಬೈತಲೆ ಬಿಡಿಸಿ ಬಿಡಿಸಿ ಹುಡುಕಿದರು. ಗಾಯ ಎಲ್ಲಿಂದ ಬರಬೇಕು? ಯಾರೂ ನಂಬಲಿಲ್ಲ. ಅಕ್ಕಾರಿಗೆ ಬೇಕಾದದ್ದೂ ಅದೇ.

ಇನ್ನು ಬ್ಲೌಸು. ನನ್ನ ಮಾನ ಹೋಗುತ್ತದೆ ಅಂದಿದ್ದೆನಲ್ಲ, ಆ ಬ್ಲೌಸಿನ ಸುತ್ತ ಹೆಂಗಸರು ಗುಂಪು ಕಟ್ಟಿದರು. "ಕಿತೀ ಸುಂದರ್!" ಎಲ್ಲರ ಬ್ಲೌಸಿನಲ್ಲೂ ಡಿಸೈನು ಸಾಲಾಗಿ ಇರುತ್ತದೆ, ಇದು ಅಲ್ಲೊಂದು ಇಲ್ಲೊಂದು, ಇದು ಹೊಸ ಫ್ಯಾಷನ್ನೇ ಅಂತ ತೀರ್ಮಾನವಾಯಿತು. ಊಟ ಮುಗಿಯುವುದರೊಳಗೆ ಏಳು ಜನ ಅಕ್ಕಾರ ಹತ್ತಿರ ಆರ್ಡರ್ ಹೇಳಿದ್ದರು. ಹುಡುಗನ ಸೋದರತ್ತೆಯೊಬ್ಬಳಂತೂ ಅಂಗಡಿಯವರೆಗೂ ಬಂದಳು. "ಅದು ಆರ್ಡರ್ ಮ್ಯಾಲ ಬರೂದಿಲ್ರಿ," ಅಂತ ಅಕ್ಕಾರು ಗಂಭೀರವಾಗಿ ಹೇಳಿ ಕಳಿಸಿದರು. ಅವಳು ಹೋದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದು ನಕ್ಕ ನಗೆಗೆ ಪಕ್ಕದ ಕಿರಾಣಿಯವನು ಬಂದು ನೋಡಿದ.

ಆರು ತಿಂಗಳ ಮೇಲೆ ಮತ್ತೆ ತಲೆಯ ನಾಳಗಳ ಚಿತ್ರ ತೆಗೆದರು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ. ಹಳೆಯದರಲ್ಲಿ ಗುಳ್ಳೆ ಇತ್ತು, ಹೊಸದರಲ್ಲಿ ನಾಳ ನೆಟ್ಟಗೆ, ಗುಳ್ಳೆಯ ಸುಳಿವಿಲ್ಲ. ಗುಲಾಬಿ ಗುಳಿಗೆ ನಿಲ್ಲಿಸಿದ. ಬಿಳಿಯದು ಮಾತ್ರ ಜೀವ ಇರೋವರೆಗೂ ಬೇಕು ಅಂದ. ಅಕ್ಕಾರು ಅವನನ್ನು ಎಬ್ಬಿಸಿ ನಿಲ್ಲಿಸಿ, ತಿರುಗಲು ಹೇಳಿ, "ನಿಂದು ಅಂಗಿ ಹೆಗಲ ಇಳದದ. ನಾಳೆ ತಂದು ಕೊಡು," ಅಂದರು. ಅವನು ನಿಜವಾಗಿಯೂ ತಂದುಕೊಟ್ಟ. ವಾಪಸು ತಗೊಂಡ ಮೇಲೆ ಕಾಲರಿನ ಕೆಳಗೆ ಒಂದು ಕೆಂಪು ದೀಪ ಸಿಕ್ಕಿತಂತೆ.

ಅಲ್ಲಿಂದ ಮುಂದೆ ಅವರು ಹೊಲಿದ ಯಾವುದೇ ಬಟ್ಟೆಯನ್ನು ನಾನು ಮೊದಲು ಹುಡುಕಿ ನೋಡುತ್ತಿದ್ದೆ. ದೀಪ ಇದ್ದರೆ ನೆಮ್ಮದಿ, ಗುಳಿಗೆ ನಡೆದಿದೆ ಅಂತ. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಮೊಣಕಾಲು ಮಷೀನು ತುಳಿಯಲೊಲ್ಲೆ ಅಂದವು. ತಂಗಿ ಕರೆದಳು. ಮಷೀನು ಮಾರಿ, ಸೂಜಿ ಮಾತ್ರ ಹೆಗಲಿಗೆ ಸಿಕ್ಕಿಸಿಕೊಂಡು ಅಕ್ಕಾರು ಧಾರವಾಡಕ್ಕೆ ಹೊರಟುಹೋದರು. ಅಲ್ಲಿ ಓಣಿಯ ಹುಡುಗಿಯರಿಗೆ ಕಸೂತಿ ಕಲಿಸುತ್ತಾರಂತೆ, ಅಂದರೆ ಬೈಯುತ್ತಾರೆ. ಫೋನಿನಲ್ಲಿ ಗುಳಿಗೆ ತಗೊಂಡ್ರಾ ಅಂದರೆ, "ಹೂಂ," ಅನ್ನುತ್ತಾರೆ. ಫೋನಿನಲ್ಲಿ ನಾಲಿಗೆ ಕಾಣುವುದಿಲ್ಲವಲ್ಲ.

ಅದಕ್ಕೇ ಹೋದ ವಾರ ಬಂದ ಬ್ಲೌಸನ್ನು ಹಾಗೆ ಜಾಲಾಡಿದ್ದು. ತೋಳು ನೋಡಿದೆ, ಬೆನ್ನು ನೋಡಿದೆ, ಕತ್ತಿನ ಪಟ್ಟಿ ನೋಡಿದೆ. ನೀಲಿ ಬಟ್ಟೆ, ಅಚ್ಚುಕಟ್ಟು ಕೈಹೊಲಿಗೆ. ದೀಪ ಇಲ್ಲ. ಒಂದೂ ಇಲ್ಲ. ಫೋನ್ ಹಚ್ಚಿದೆ.

"ಅಕ್ಕಾರ, ಗುಳಿಗಿ ಬಿಟ್ಟೀರೇನ್ರಿ?"

"ಆರಾಮ ಇದ್ದೀರೇನು ಅಂತ ಒಂದ ಮಾತು ಕೇಳೂದಿಲ್ಲ, ಝಂಪರ್ ಮುಟ್ಟೇದ ಅನ್ನೂದಿಲ್ಲ."

"ಝಂಪರಿನಾಗ ದೀಪ ಇಲ್ರೀ!"

"ಹಾಕ್ಕೊಂಡು ನೋಡೀ ಏನು?"

"ಇಲ್ಲ."

"ಹಾಕ್ಕೋ ಮೊದಲ. ನಾ ಇಲ್ಲೇ ಹಿಡಕೊಂಡಿರ್ತೀನಿ."

ಹಾಕಿಕೊಂಡೆ. ಹಾಕಿಕೊಳ್ಳುವುದೇನು, ತುರುಕಿಕೊಂಡೆ. ಉಸಿರು ಬಿಟ್ಟರೆ ಗುಂಡಿ ಹಾರುವ ಹಾಗಿತ್ತು. ಅಕ್ಕಾರು ಹೋದ ಮೇಲೆ ನನಗೆ ಅಳತೆ ಹೇಳುವವರು ಯಾರೂ ಇರಲಿಲ್ಲ.

"ಬಿಗಿ ಆಗೇದರೀ."

"ಗೊತ್ತಿತ್ತು. ಬಗಲಿನ ಎಡಗಡೆ ಹೊಲಿಗಿ ಬಿಚ್ಚು."

ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದೆ. ಮಡಿಚಿಟ್ಟ ಎರಡಿಂಚಿನ ಮಾರ್ಜಿನ್ ಬಿಡಿಸಿಕೊಂಡಿತು. ಅದರ ನಟ್ಟನಡುವೆ, ನೀಲಿಯ ಮೇಲೆ, ಕಡಲೆಕಾಳಿನಷ್ಟು ಒಂದು ಕೆಂಪು ದೀಪ. ನಾನು ನೆಲದ ಮೇಲೆ ಕೂತುಬಿಟ್ಟೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನಮ್ಮ ಯಜಮಾನರನ್ನೇ ಕೇಳಬೇಕು, ಅವರು ಈ ಸಲ ಪೇಪರ್ ಪೂರ್ತಿ ಕೆಳಗಿಟ್ಟಿದ್ದರು.

"ಕಂಡ್ತೇನು?"

"ಕಂಡ್ತರೀ ಅಕ್ಕಾರ."

"ಬಲಗಡೆ ಹೊಲಿಗಿಯೊಳಗ ಇನ್ನೂ ಎರಡ ಅದಾವ," ಅಂದು ಅವರು ಫೋನ್ ಇಟ್ಟರು.

ಬಲಗಡೆಯದನ್ನು ನಾನು ಇನ್ನೂ ಬಿಚ್ಚಿಲ್ಲ. ಹೇಗೂ ಮುಂದಿನ ದೀಪಾವಳಿಗೆ ಇನ್ನರ್ಧ ಇಂಚು ಏರುತ್ತೇನೆ, ಆಗ ಬಿಚ್ಚುತ್ತೇನೆ.